ಕಪಾಟಿನೊಳಗಿನ ಮೀಸೆ

ಕಳೆದ ವಾರ ನಮ್ಮವ್ವನ ಇಡೀ ಬಳಗವನ್ನು ನಾನು ಸ್ಯಾಂಡ್ ಪೇಪರ್ ಹಾಕಿ ತಿಕ್ಕಿ ತೆಗೆದೆ. ಎರಡೇ ದಿನದ ಕೆಲಸ. ಫಿನಿಶಿಂಗ್ ಚೆನ್ನಾಗಿ ಬಂದಿದೆ.

ಕೊಪ್ಪಳದ ನಮ್ಮ ಮನೆಯಲ್ಲಿ ಒಂದು ಸಾಗವಾನಿ ಕಪಾಟಿದೆ. ಅವ್ವ ತಳಕಲ್ಲಿನ ತವರಿನಿಂದ ತಂದದ್ದು. ಬಣ್ಣ ಹೋಗಿ, ನನ್ನ ಮಾರ್ಕ್ಸ್ ಕಾರ್ಡಿನ ಹಾಗೆ ಯಾರಿಗೂ ತೋರಿಸಲಾಗದ ಸ್ಥಿತಿ ತಲುಪಿತ್ತು. ಹೊಸದು ತರೋಣವೆಂದರೆ ಅಂಗಡಿಯವನು ಹೇಳಿದ ರೇಟಿಗೆ ನಾನೇ ಅದರೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಅಷ್ಟರಲ್ಲಿ ರೀಲ್ಸ್‌ನಲ್ಲಿ ಒಬ್ಬಾಕೆ ಮೂವತ್ತು ಸೆಕೆಂಡಿನಲ್ಲಿ ಹಳೇ ಕಪಾಟನ್ನು ಹೊಸದು ಮಾಡಿಬಿಟ್ಟಳು. ಆಕೆಗೆ ಮೂವತ್ತು ಸೆಕೆಂಡ್ ಸಾಕಾದರೆ ನನಗೆ ಎರಡು ದಿನ ಸಾಲದೇ?

ಹಿಟ್ನಾಳದ ಬಡಿಗ ಖಾಸೀಂಸಾಬರ ಬಳಿ ಹೋದೆ. ವಾರ್ನಿಶ್, ಸ್ಯಾಂಡ್ ಪೇಪರ್, ಒಂದು ಬೋಳು ಬ್ರಷ್ ಕೊಟ್ಟರು. "ಹೊರಗ ತಿಕ್ರಿ. ಒಳಗ ಕೈ ಹಚ್ಚಬ್ಯಾಡ್ರಿ, ಸೀರಿ-ಅರಿವಿಗೆ ವಾಸನಿ ಹಿಡಿತೈತಿ," ಎಂದರು. ಅವರ ಮಾತೆಲ್ಲ ಮೂಗಿನಲ್ಲೇ. ನಾನೂ ಮೂಗಿನಲ್ಲಿ "ಒಳಗ ಕೈ ಹಚ್ಚಬ್ಯಾಡ್ರಿ" ಅನ್ನುತ್ತಲೇ ಮನೆಗೆ ಬಂದೆ. ದನಿ ತದ್ರೂಪ ಬಂದಿತ್ತು. (ಅರ್ಥದ ಕಡೆ ಗಮನ ಹೋಗಲಿಲ್ಲ.)

ಅವ್ವ ಗಂಗಾವತಿಯ ನಾದಿನಿ ಮನೆಗೆ ಕುಬಸಕ್ಕೆ (ಅದೇ, ಸೀಮಂತಕ್ಕೆ) ಹೋಗಿದ್ದಳು. ಸದಾ ಸೊಂಟದಲ್ಲಿರುವ ಕಪಾಟಿನ ಕೀಲಿಯನ್ನು ಈ ಸಲ ನನ್ನ ಕೈಗೆ ಕೊಟ್ಟಿದ್ದಳು. ಬಾಗಿಲು ತೆಗೆದರೆ ಒಳಮೈ ತುಂಬ ಪೆನ್ಸಿಲ್ ಗೀಚು. ಅಂಕಿಗಳು, ಪಕ್ಕದಲ್ಲಿ ಸೊಟ್ಟ ಚಿತ್ರಗಳು. ಚಿಕ್ಕವನಿದ್ದಾಗ ನಾನೇ ಮಗ್ಗಿ ಗೀಚಿರಬೇಕು ಅಂದುಕೊಂಡು ಎಲ್ಲ ತಿಕ್ಕಿದೆ. ಮೇಲೆ ಎರಡು ಕೋಟ್ ವಾರ್ನಿಶ್.

ಅವ್ವ ಬಂದಳು. ಹೊರಗಿನ ಹೊಳಪು ನೋಡಿ, "ಛಲೋ ಆಗೈತಿ," ಎಂದಳು. ಊರು ಮುಟ್ಟಿದ ಮೇಲೆ ಹೋಗಿಬಂದ ಮನೆಗೆ "ಮುಟ್ಟೀನಿ" ಅಂತ ಫೋನ್ ಹಚ್ಚದಿದ್ದರೆ ನಮ್ಮಲ್ಲಿ ಪ್ರಯಾಣ ಮುಗಿದಂತೆ ಅಲ್ಲ. ಬಟನ್ ಫೋನ್ ಹಿಡಿದು ಕಪಾಟು ತೆರೆದು ನಿಂತಳು.

"ತಮ್ಮಾ, ಗಂಗಾವತಿ ಎಲ್ಲೈತಿ?"

"ಇದ್ದಲ್ಲೇ ಐತಿ. ಈಗ ಬಂದಿಯಲ್ಲ?"

"ಇಲ್ಲಿತ್ತು. ಭತ್ತದ ತೆನಿ."

ಆಗ ತಿಳಿಯಿತು. ಅವ್ವನಿಗೆ ಅಂಕಿ ಬರುತ್ತವೆ, ಅಕ್ಷರ ಬಾರವು. ಗಂಗಾವತಿಗೆ ಭತ್ತದ ತೆನೆ, ಕುಷ್ಟಗಿಯ ಬಳೆಗಾರ್ತಿಗೆ ಬಳೆ, ತಳಕಲ್ಲಿನ ಅಣ್ಣನಿಗೆ ಮೀಸೆ. ನಾನು ತಿಕ್ಕಿದ್ದು ಅವಳ ಕಾಂಟ್ಯಾಕ್ಟ್ ಲಿಸ್ಟ್.

"ಎಲ್ಲಾ ನಂಬರ್ ನನ್ನ ಮೊಬೈಲಿನ್ಯಾಗ ಅದಾವ," ಎಂದೆ. ಒಂದು ಇರಲಿಲ್ಲ. ಮೀಸೆ.

ಎರಡು ವರ್ಷದ ಹಿಂದೆ ಅಕ್ಕನ ಮದುವೆಯಲ್ಲಿ ಮಾಮಾ "ಹೋಳಿಗಿ ದಪ್ಪ ಆಗ್ಯಾವ" ಅಂದಿದ್ದ. ಅವತ್ತಿನಿಂದ ಅವ್ವ ಅಣ್ಣನ ಜೊತೆ ಮಾತು ಬಿಟ್ಟಿದ್ದಳು. ನಾನು ಸುಮ್ಮನಿರದೆ ಮಾಮಾನ ದನಿಯಲ್ಲಿ ಆ ಡೈಲಾಗ್ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. ಅವನು ನನ್ನನ್ನು ಬ್ಲಾಕ್ ಮಾಡಿದ. ನಾನು ಅವನ ನಂಬರ್ ಡಿಲೀಟ್ ಮಾಡಿದೆ. (ಇಬ್ಬರಲ್ಲಿ ಯಾರು ದೊಡ್ಡವರೆಂದು ಕೇಳಬೇಡಿ.)

"ಮೀಸಿ ಬ್ಯಾಡ," ಎಂದಳು ಅವ್ವ. ಸ್ವಲ್ಪ ಹೊತ್ತಿನ ಮೇಲೆ, "ನಾ ಏನ್ ಮಾತಾಡೂದಿಲ್ಲ. ಬಾಗಲದಾಗ ಇದ್ದರ ಆತು," ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, "ತಳಕಲ್ ಬಸ್ಸು ಎಷ್ಟೊತ್ತಿಗೆ ಐತಿ?" ಎಂದಳು.

ಹೋದೆ. ಮಾಮಾ ಕಟ್ಟೆಯ ಮೇಲೆ ಕೂತಿದ್ದ. ನಡೆದದ್ದನ್ನು ನನ್ನ ಸ್ವಂತ ದನಿಯಲ್ಲೇ ಹೇಳಿದೆ.

"ಅಕಿ ಅಳಿಸ್ಯಾಳ?"

"ಇಲ್ರಿ ಮಾಮಾ, ನಾ ಅಳಿಸೀನಿ. ಪಾಲಿಶ್ ಮಾಡಾಕ ಹೋಗಿ."

"ನನ್ನೊಬ್ಬಂದೋ, ಎಲ್ಲಾರದೋ?"

"ಎಲ್ಲಾರದೂ."

ಮಾಮಾನ ಭುಜ ಇಳಿಯಿತು. "ಅಲ್ಲೀತನಕ ನಂದೂ ಇತ್ತೇನು?" ಎಂದ. ಹಾಳೆಯಲ್ಲಿ ನಂಬರ್ ಬರೆದು, ಪಕ್ಕದಲ್ಲಿ ತಾನೇ ಮೀಸೆಯ ಚಿತ್ರ ಬಿಡಿಸಿದ. ಮುಖದ ಮೇಲಿರುವುದಕ್ಕಿಂತ ಬಹಳ ದಪ್ಪದ್ದು. "ಹಿಂಗ ಬರಿ ಅನ್ನು, ಅಳಿಯಾ."

ಮನೆಗೆ ಬಂದು ಬರೆಯಲು ಹೋದರೆ ವಾರ್ನಿಶ್ ಮೇಲೆ ಪೆನ್ಸಿಲ್ ಜಾರುತ್ತಿದೆ. ಎರಡು ಕೋಟ್ ಅಲ್ಲವೇ? ಒಂದು ಗೇಣು ಜಾಗವನ್ನು ಮತ್ತೆ ತಿಕ್ಕಿ ಒರಟು ಮಾಡಿದೆ. ಇಡೀ ಕಪಾಟು ಕನ್ನಡಿಯಂತಿದೆ, ಕೆಲಸಕ್ಕೆ ಬರುವುದು ಆ ಒಂದು ಗೇಣು ಮಾತ್ರ.

ಅವ್ವ ತೆನೆ ಬರೆದಳು, ಬಳೆ ಬರೆದಳು, ಕೊನೆಗೆ ಮೀಸೆ ಬರೆದಳು. "ನಂಬರ್ ಸರಿ ಐತೇನು ನೋಡ್ತೀನಿ ಅಷ್ಟ," ಎನ್ನುತ್ತಾ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

ಒಂದೇ ರಿಂಗ್.

"ಶಾಂತವ್ವಾ, ಉಂಡೇನ?"

ಅವ್ವ ನನ್ನ ಕಡೆ ತಿರುಗಿ, "ಬಾಯಿ ಮುಚ್ಚು. ಅಣ್ಣನ ದನಿ ತೆಗೀಬ್ಯಾಡ," ಎಂದಳು.

ನನ್ನ ಬಾಯಲ್ಲಿ ಆಗ ಅರ್ಧ ರೊಟ್ಟಿ ಇತ್ತು.