ಹದಿನಾಲ್ಕನೇ ನಂಬರಿನ ನಿದ್ದೆ

ಅನಿತಳಿಗೆ ನಿಂತುಕೊಂಡೇ ನಿದ್ದೆ ಮಾಡುವ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲ. ಎಚ್‌ಆರ್ ಅಪ್ರೆಂಟಿಸ್ ಆದ ಎರಡನೇ ವಾರಕ್ಕೆ ಬಂತು. ಅದಕ್ಕೆ ಮೊದಲು ಅವಳೂ ನಮ್ಮ ನಿಮ್ಮ ಹಾಗೆ ಚಾಪೆ ಹಾಸಿ, ದಿಂಬು ತಟ್ಟಿ, ಮಲಗಿ ನಿದ್ದೆ ಮಾಡುವವಳೇ ಆಗಿದ್ದಳು.

ದೊಡ್ಡಬಳ್ಳಾಪುರದ ಹೊರಗಿನ ಒಂದು ಗಾರ್ಮೆಂಟ್ಸಿನಲ್ಲಿ ಅವಳದು ಶರ್ಟು ಚೆಕ್ ಮಾಡುವ ಕೆಲಸ. ಬೆಳಿಗ್ಗೆ ಆರಕ್ಕೆ ಮೇಜಿನ ಮುಂದೆ ನಿಂತರೆ ಮಧ್ಯಾಹ್ನ ಎರಡಕ್ಕೆ ಬೆಲ್ಲು. ಹೊಲಿದು ಬಂದ ಶರ್ಟನ್ನು ಎತ್ತು, ಕಾಲರ್ ನೋಡು, ತೋಳು ತಿರುಗಿಸು, ಗುಂಡಿ ಎಳೆ, ಬಿಟ್ಟ ದಾರ ಕತ್ತರಿಸು, ನಿನ್ನ ನಂಬರಿನ ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕಿಡು. ಅನಿತಳ ನಂಬರು ಹದಿನಾಲ್ಕು. ಪಕ್ಕದಲ್ಲೇ ನಿಲ್ಲುವ ನರಸಮ್ಮನದು ಹದಿನೈದು. ಇಬ್ಬರ ಸ್ಟಿಕ್ಕರ್ ಸುರುಳಿಗಳೂ ಮೇಜಿನ ಮಧ್ಯದ ಒಂದೇ ಮೊಳೆಗೆ ನೇತಾಡುತ್ತಿದ್ದವು. ಶಿಫ್ಟು ಮುಗಿದ ಮೇಲೆ ಸ್ಟಿಕ್ಕರ್ ಲೆಕ್ಕ ನೋಡಿದರೆ ಯಾರು ಎಷ್ಟು ಶರ್ಟು ನೋಡಿದ್ದಾರೆ ಅಂತ ತಿಳಿಯುತ್ತೆ.

ಎರಡೂವರೆಗೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಅವಳ ಇನ್ನೊಂದು ದಿನ ಶುರುವಾಗುತ್ತಿತ್ತು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಚಕ್ರವಿರುವ ಕುರ್ಚಿ. ಸಂಜೆ ಆರೂವರೆ ತನಕ ಅಲ್ಲಿ ರಜದ ಅರ್ಜಿ ಜೋಡಿಸುವುದು, ಹೊಸದಾಗಿ ಸೇರಿದವರ ಫಾರಂ ತುಂಬಿಸುವುದು, ಹಾಜರಿ ನೋಡುವುದು. ಬಿ.ಕಾಂ. ಓದಿ ಶರ್ಟು ಚೆಕ್ ಮಾಡುತ್ತಿದ್ದ ಹುಡುಗಿಗೆ ಇದು ಒಲಿದದ್ದು ಎಚ್‌ಆರ್ ನೋಡಿಕೊಳ್ಳುವ ಚೈತ್ರ ಮೇಡಂ ದಯೆಯಿಂದ. ಒಂದು ವರ್ಷದ ಅಪ್ರೆಂಟಿಸ್, ಮುಗಿದರೆ ಸರ್ಟಿಫಿಕೇಟು, ಆಮೇಲೆ ಅಲ್ಲೇ ಒಂದು ಕೆಲಸ ಖಾಲಿಯಾಗುವುದಿತ್ತು. ಮೇಡಂ ಮೊದಲ ದಿನವೇ ಹೇಳಿದ್ದರು: "ನೋಡಮ್ಮ, ಕೆಳಗಡೆ ನಿನ್ನ ಪೀಸ್ ಕಡಿಮೆಯಾಗ್ಬಾರ್ದು. ಆದ ದಿನ ಇದನ್ನ ನಿಲ್ಲಿಸ್ಬಿಡ್ತೀನಿ. ಆಮೇಲೆ ನನ್ನ ಬೈಕೋಬೇಡ."

ಕೆಳಗಿನ ಕೆಲಸ ಬಿಟ್ಟು ಬರೀ ಮೇಲಿನದ್ದೇ ಮಾಡಬಹುದಿತ್ತಲ್ಲ ಅನ್ನಬೇಡಿ. ಅಪ್ರೆಂಟಿಸ್‌ಗೆ ಕೊಡುವುದರಲ್ಲಿ ಅವಳ ಬಸ್ಸು, ತಿಂಡಿ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಅವಳಪ್ಪ ಕೋದಂಡರಾಮಯ್ಯನ ಎರಡು ಮಗ್ಗ ನಿಂತು ನಾಲ್ಕು ವರ್ಷವಾಗಿತ್ತು. ಅಮ್ಮ ಅಂಜನಮ್ಮನಿಗೆ ಈಗ ಸೂಜಿಗೆ ದಾರ ಪೋಣಿಸುವುದೂ ಕಣ್ಣಿಗೆ ಕಷ್ಟ. ಮನೆ ನಡೆಯುತ್ತಿದ್ದದ್ದು ಬೆಳಗಿನ ಕೆಲಸದಿಂದ, ಆಸೆ ನಡೆಯುತ್ತಿದ್ದದ್ದು ಮಧ್ಯಾಹ್ನದ ಕೆಲಸದಿಂದ. ಎರಡರಲ್ಲಿ ಯಾವುದನ್ನು ಬಿಡೋದು, ನೀವೇ ಹೇಳಿ.

ನಾಲ್ಕಕ್ಕೆ ಏಳುವುದು, ಐದೂವರೆಗೆ ಫ್ಯಾಕ್ಟರಿ ಬಸ್ಸು. ಹೊರಗೆ ಮಂಜು ಕವಿದಿರುತ್ತಿತ್ತು. ದ್ರಾಕ್ಷಿ ತೋಟದ ಕಲ್ಲುಕಂಬಗಳು ಒಂದೊಂದೇ ಬಂದು, ಇವಳನ್ನು ನೋಡಿ, ಹಿಂದಕ್ಕೆ ಹೋಗುತ್ತಿದ್ದವು. ಅದು ಕನಸೋ ರಸ್ತೆಯೋ ಅಂತ ಅನಿತಳಿಗೆ ಎಷ್ಟೋ ದಿನ ಗೊತ್ತಾಗುತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಅವಸರವೂ ಅವಳಿಗಿರಲಿಲ್ಲ.

ನಿಜವಾದ ಕನಸು ಬರುತ್ತಿದ್ದದ್ದು ಮಧ್ಯಾಹ್ನ ಒಂದು ಗಂಟೆಗೆ. ಹೊಟ್ಟೆಯಲ್ಲಿ ಮುದ್ದೆ, ತಲೆಯ ಮೇಲೆ ಟ್ಯೂಬ್‌ಲೈಟು, ಸುತ್ತ ಇನ್ನೂರು ಮಿಷನ್ನುಗಳ ಒಂದೇ ಸಮನೆ ಗುಯ್ಗುಟ್ಟುವಿಕೆ. ಮಗ್ಗದ ಸದ್ದಿನಲ್ಲಿ ತೊಟ್ಟಿಲು ತೂಗಿಸಿಕೊಂಡು ಬೆಳೆದ ಮಗು ಅದು, ಸದ್ದು ಇದ್ದಷ್ಟೂ ನಿದ್ದೆ ಚೆನ್ನ. ಕಣ್ಣು ತೆರೆದೇ ಇರುತ್ತಿತ್ತು. ಮೇಜಿನ ಮೇಲಿನ ಶರ್ಟು ಮೆಲ್ಲಗೆ ಎದ್ದು ಚಕ್ರದ ಕುರ್ಚಿಯಲ್ಲಿ ಕೂರುತ್ತಿತ್ತು. ಅನಿತ ಅದರ ಎದುರು ಕೂತು, ಪೆನ್ನು ಹಿಡಿದು, "ನಿಮ್ಮ ಹೆಸ್ರೇನಮ್ಮ? ಯಾವೂರು?" ಅನ್ನುತ್ತಿದ್ದಳು. "ಸಾಸಲು," ಅನ್ನುತ್ತಿತ್ತು ನೀಲಿ ಶರ್ಟು. "ಘಾಟಿ," ಅನ್ನುತ್ತಿತ್ತು ಪಟ್ಟೆ ಶರ್ಟು. ಎಲ್ಲರಿಗೂ ಕೆಲಸ ಕೊಡುತ್ತಿದ್ದಳು. ಕೇಳಿದವರಿಗೆಲ್ಲ ರಜವನ್ನೂ ಕೊಡುತ್ತಿದ್ದಳು. ಶರ್ಟುಗಳು ಕೈ ಮುಗಿದು, ಕಿಟಕಿಯಿಂದ ಹಾರಿ, ಊರಿನ ಕಡೆ ತೇಲಿಕೊಂಡು ಹೋಗುತ್ತಿದ್ದವು.

ಎರಡರ ಬೆಲ್ಲಿಗೆ ಬೆಚ್ಚಿ ನೋಡಿದರೆ ಪಕ್ಕದಲ್ಲಿ ಹದಿನಾಲ್ಕನೇ ನಂಬರಿನ ಶರ್ಟುಗಳು ನೀಟಾಗಿ ಪೇರಿಸಿಕೊಂಡು ಇರುತ್ತಿದ್ದವು. ದಿನಕ್ಕೆ ನಾನೂರ ಹತ್ತು. ಅಪ್ರೆಂಟಿಸ್ ಆಗುವ ಮೊದಲು ಎಷ್ಟೋ, ಈಗಲೂ ಅಷ್ಟೇ. ಅನಿತಳಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. ಅವಳಪ್ಪ ತೂಕಡಿಸುತ್ತಲೇ ಮಗ್ಗ ನೋಡಿಕೊಳ್ಳುತ್ತಿದ್ದವರು, ತುಂಡಾದ ಎಳೆಯನ್ನು ಅವರ ಬೆರಳೇ ಹುಡುಕಿ ಗಂಟು ಹಾಕುತ್ತಿತ್ತು. ನೇಕಾರರ ಮನೆಯ ಕೈ, ಮನಸ್ಸು ಮಲಗಿದರೂ ದುಡಿಯುತ್ತೆ ಅಂದುಕೊಂಡಳು. ಬೇರೆ ಮನೆಯ ಹುಡುಗಿಯಾಗಿದ್ದರೆ ಒಂದು ಸಲವಾದರೂ ಅನುಮಾನ ಪಡುತ್ತಿದ್ದಳು. ಇವಳು ಹೆಮ್ಮೆಪಟ್ಟಳು. ಮನೆಗೆ ಹೋಗಿ ಅಮ್ಮನ ಹತ್ತಿರ ಹೇಳಿಕೊಂಡದ್ದೂ ಉಂಟು: "ಎರಡು ಕೆಲ್ಸಾನೂ ಸಲೀಸಾಗಿ ಮಾಡ್ತಿದೀನಿ ಕಣಮ್ಮ, ಮೇಡಂ ಎಲ್ಲರ ಮುಂದೆ ನನ್ನ ಹೆಸರು ಹೇಳ್ತಾರೆ." ಅಂಜನಮ್ಮ ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, "ಕಣ್ಣು ಗುಳಿ ಬಿದ್ದವೆ, ಮೊದ್ಲು ತಿನ್ನು," ಅಂದಳು.

ಜೂನಿನಲ್ಲಿ ಸೇರಿದವಳು, ಡಿಸೆಂಬರ್ ಬಂತು. ಒಂದು ಮಧ್ಯಾಹ್ನ ಚೈತ್ರ ಮೇಡಂ ಬಾಗಿಲು ಮುಚ್ಚಿ ಹೇಳಿದರು: "ಆರ್ಡರ್ ಕಡಿಮೆ ಆಗಿದೆ. ಚೆಕಿಂಗಿನಲ್ಲಿ ಐದು ಜನರನ್ನ ತೆಗೀಬೇಕು ಅಂತ ಮೇಲಿಂದ ಬಂದಿದೆ. ಆರು ತಿಂಗಳದ್ದು ತೆಗೆದು, ಕಡಿಮೆ ಪೀಸ್ ಇರೋ ಐದು ಹೆಸರು ಬರಿ. ನೀನೇ ಪೂರ್ತಿ ಮಾಡು, ನಾನು ಸಹಿ ಹಾಕ್ತೀನಿ. ಕೆಳಗಡೆ ಬಾಯಿ ಬಿಡಬೇಡ."

ಮೊದಲ ಸಲ ಒಬ್ಬಳೇ ಮಾಡುವ ಕೆಲಸ. ಎದೆ ಡವಡವ ಅಂದರೂ ಒಳಗೊಳಗೇ ಖುಷಿ. ಸುಳ್ಳು ಯಾಕೆ ಹೇಳಲಿ, ಆ ಐದು ಜನರ ಮನೆ ಒಲೆಯ ಯೋಚನೆ ಅವಳಿಗೆ ಆಗ ಬರಲಿಲ್ಲ. ಕುರ್ಚಿಯ ಚಕ್ರ ಸ್ವಲ್ಪ ಮುಂದೆ ಹಿಂದೆ ಆಡಿಸುತ್ತಾ ಕಂಪ್ಯೂಟರಿನಲ್ಲಿ ಕೆಳಗಿನಿಂದ ಒಂದೊಂದೇ ಹೆಸರು ಬರೆದುಕೊಂಡಳು. ಒಂದು, ಎರಡು, ಮೂರು. ನಾಲ್ಕನೆಯದು ನರಸಮ್ಮ.

ಏನೋ ತಪ್ಪಾಗಿದೆ ಅಂತ ಮತ್ತೆ ತೆಗೆದಳು. ಮತ್ತೂ ನರಸಮ್ಮನೇ ಬಂದಳು. ಲೈನಿನಲ್ಲಿ ಆಕೆಯಷ್ಟು ಚುರುಕು ಯಾರೂ ಇಲ್ಲ. ಮೇ ತಿಂಗಳ ತನಕ ದಿನಕ್ಕೆ ನಾನೂರ ಮೂವತ್ತು ಶರ್ಟು ನೋಡಿದವಳು, ಜೂನಿನಿಂದ ಮುನ್ನೂರ ಎಂಬತ್ತು. ಜ್ವರವಿಲ್ಲ, ರಜವಿಲ್ಲ, ಐವತ್ತು ಪೀಸು ಎಲ್ಲಿ ಹೋಯಿತು? ಅನಿತ ಪಟ್ಟಿಯನ್ನು ನಂಬರಿನ ಕ್ರಮಕ್ಕೆ ತಿರುಗಿಸಿ, ಪರದೆಯ ಮೇಲೆ ಬೆರಳಿಟ್ಟು ಮೇಲಿನ ಸಾಲು ನೋಡಿದಳು. ಅದು ಅವಳದೇ ಸಾಲು, ಹದಿನಾಲ್ಕನೇ ನಂಬರು. ಮೇ ತಿಂಗಳಲ್ಲಿ ನಾನೂರ ಹತ್ತು, ಜೂನಿನಲ್ಲಿ ನಾನೂರ ಹತ್ತು, ನವೆಂಬರಿನಲ್ಲೂ ನಾನೂರ ಹತ್ತು.

ಆ ತಣ್ಣನೆ ರೂಮಿನಲ್ಲಿ ಅವಳಿಗೆ ಬೆವರು ಕಿತ್ತುಕೊಂಡು ಬಂತು. ಹೊಟ್ಟೆ ಸರಿಯಿಲ್ಲ, ಪಟ್ಟಿ ನಾಳೆ ಕೊಡ್ತೀನಿ ಅಂತ ಹೇಳಿ ಎದ್ದು ಬಂದಳು.

ಮರುದಿನ ಬೆಳಿಗ್ಗೆ ಒಂಬತ್ತರ ಟೀ ಹೊತ್ತಿಗೆ ನರಸಮ್ಮನನ್ನು ಕೊಳಾಯಿಯ ಪಕ್ಕಕ್ಕೆ ಕರೆದುಕೊಂಡು ಹೋದಳು. ನರಸಮ್ಮ ಐವತ್ತೆರಡು ವರ್ಷದ ಹೆಂಗಸು, ಗಂಡನಿಲ್ಲ, ಇದೊಂದೇ ಕೆಲಸದ ಮೇಲೆ ಬದುಕು. ಮೊದಲು ಅಂಜನಮ್ಮನ ಜೊತೆ ಮಗ್ಗದ ಶೆಡ್ಡುಗಳಲ್ಲಿ ದುಡಿದವಳು.

"ಅಕ್ಕ, ನನ್ನ ಸ್ಟಿಕ್ಕರ್ ಹಾಕ್ತಿರೋದು ನೀನಾ?"

ನರಸಮ್ಮ ಟೀ ಊದಿಕೊಂಡಳು. "ಯಾರಂದ್ರು?"

"ಯಾರೂ ಅನ್ನಲಿಲ್ಲ. ಒಂದರಿಂದ ಎರಡು ಗಂಟೆ ತನಕ ನಾನು ಕೆಲ್ಸ ಮಾಡ್ತಿರ್ತೀನಾ, ಇಲ್ವಾ? ನಿಜ ಹೇಳು."

"ಮಾಡ್ತೀಯ, ಮಾಡ್ತೀಯ. ಒಂದು ಶರ್ಟು ಹಿಡ್ಕೊಂಡು ಅದ್ರ ಕಾಲರ್‌ನ ಅರ್ಧ ಗಂಟೆ ಸವರ್ತೀಯ. ಏನೇನೋ ನೆನೆಸ್ಕೊಂಡು ನಗ್ತೀಯ ಬೇರೆ," ಅಂದಳು ನರಸಮ್ಮ. ಅನಿತಳ ಮುಖ ನೋಡಿ ತಮಾಷೆ ಬಿಟ್ಟಳು. "ಅದ್ರಲ್ಲೇನಿದೆ ಬಿಡೇ. ನಿಮ್ಮಮ್ಮನೂ ನಾನೂ ಹನ್ನೊಂದು ವರ್ಷ ಅಚ್ಚು ಕೆಚ್ಚಿದ್ದೀವಿ."

ಅಚ್ಚು ಕೆಚ್ಚುವುದು ಅಂದರೆ ಮಗ್ಗದ ಮೇಲೆ ಉದ್ದೆಳೆಗಳ ಹಳೆಯ ಹಾಸು ಮುಗಿದಾಗ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಸೇರಿಸುವುದು. ಸಾವಿರಾರು ಎಳೆ. ಇಬ್ಬರು ಹೆಂಗಸರು ಅಕ್ಕಪಕ್ಕ ಕೂತು ಆಚೆ ಅರ್ಧ ಒಬ್ಬಳು, ಈಚೆ ಅರ್ಧ ಒಬ್ಬಳು ಹಂಚಿಕೊಳ್ಳುತ್ತಾರೆ. ಮಧ್ಯೆ ಒಬ್ಬಳು ತೂಕಡಿಸಿದರೆ ಇನ್ನೊಬ್ಬಳು ಎಬ್ಬಿಸುವ ಪದ್ಧತಿಯಿಲ್ಲ. ಬೆಚ್ಚಿ ಎದ್ದರೆ ಕೈ ಎಳೆದು ನೂರು ಎಳೆ ಹರಿದುಹೋಗುತ್ತೆ. ಹಾಗಾಗಿ ಸುಮ್ಮನೆ ಅವಳ ಪಾಲಿನದ್ದನ್ನೂ ಸೇರಿಸಿಕೊಂಡು ಹೋಗುವುದು. ಎದ್ದ ಮೇಲೆ ಅದರ ಸುದ್ದಿ ಎತ್ತುವುದೂ ಇಲ್ಲ.

"ನೀನು ಹೊಟ್ಟೇಲಿದ್ದಾಗ ನಿಮ್ಮಮ್ಮ ಕೂತಲ್ಲೇ ಮಲಗ್ಬಿಡೋಳು," ಅಂದಳು ನರಸಮ್ಮ. "ಆಗ ಯಾರೂ ಲೆಕ್ಕ ಇಟ್ಟಿರಲಿಲ್ಲ."

"ಇಲ್ಲಿ ಇಡ್ತಾರಲ್ಲಕ್ಕ! ತೆಗೆಯೋರ ಪಟ್ಟಿಗೆ ನಿನ್ನ ಹೆಸರು ಬಂದಿದೆ. ಆ ಪಟ್ಟಿ ಬರೀತಿರೋಳು ನಾನೇ." ಬಾಯಿ ಬಿಡಬೇಡ ಅಂದದ್ದು ನೆನಪಿತ್ತು. ಬಿಟ್ಟಾಯಿತು.

ನರಸಮ್ಮ ಉಳಿದ ಟೀ ಚೆಲ್ಲಿ, ಕೊಳಾಯಿ ತಿರುಗಿಸಿ ಲೋಟ ತೊಳೆದಳು. ಆಮೇಲೆ ಹೇಳಿದಳು, "ಬರಿ. ಇನ್ನಾರು ತಿಂಗಳು ನಿಂದು ಮುಗಿದ್ಹೋಗ್ತದೆ. ನಾನು ಇನ್ನೆಲ್ಲಾದ್ರೂ ನೋಡ್ಕೋತೀನಿ."

"ಯಾಕಕ್ಕ? ನಾನು ನಿನಗೇನಾಗ್ಬೇಕು?"

"ನಿನಗೋಸ್ಕರ ಅಂದ್ಕೊಂಡ್ಯಾ? ನಮ್ಮೆಜಮಾನ್ರು ಹೋದಾಗ ಹನ್ನೊಂದನೇ ದಿನದ ಕಾರ್ಯಕ್ಕೆ ರಜ ಕೇಳೋಕೆ ಆ ಗಾಜಿನ ಬಾಗಿಲ ಹತ್ರ ನಿಂತಿದ್ದೆ. ಒಳಗಿದ್ದೋನು, 'ಹೋದ ವಾರ ಕೊಟ್ಟಿದ್ವಲ್ಲ, ಇನ್ನೊಂದ್ಸಲ ಯಾಕೆ, ಮತ್ತೆ ಯಾರು ಸತ್ರು' ಅಂದ. ಅವನಿಗೆ ಗೊತ್ತಿರಲಿಲ್ಲ, ಪಾಪ, ಎಲ್ಲಿಂದ ಬಂದಿದ್ನೋ. ಆ ಕುರ್ಚೀಲಿ ನಮ್ಮ ಮೇಜಿನಿಂದ ಎದ್ದೋದೋಳು ಒಬ್ಳು ಕೂರ್ಲಿ ಅಂತ ನನಗೆ ಅವತ್ತಿಂದ ಆಸೆ. ದಿನಾ ಐವತ್ತು ಶರ್ಟು ಅದಕ್ಕೆ ಹಾಕಿದ್ದು. ಕೆಡಿಸ್ಬೇಡ."

ಅವತ್ತು ಒಂದು ಗಂಟೆಗೆ ನಿದ್ದೆ ಬರಲಿಲ್ಲ. ಮಿಷನ್ನುಗಳ ಸದ್ದು ಬರೀ ಸದ್ದಾಗಿತ್ತು. ಸುಮ್ಮನಿದ್ದರೆ ಕುರ್ಚಿ ಸಿಗುತ್ತೆ, ನರಸಮ್ಮ ಬೀದಿಗೆ ಬೀಳುತ್ತಾಳೆ. ಹೇಳಿದರೆ ನರಸಮ್ಮ ಉಳಿಯಬಹುದು, ಆದರೆ ಆಕೆ ಆರು ತಿಂಗಳು ಕೂಡಿಟ್ಟ ಆಸೆ ಮಣ್ಣುಪಾಲು. ಹೇಗೆ ಮಾಡಿದರೂ ಪೆಟ್ಟು ಬೀಳುವುದು ಆ ಹೆಂಗಸಿಗೇ. ಅನಿತಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಳುವುದಕ್ಕೂ ಹೊತ್ತಿರಲಿಲ್ಲ, ಶರ್ಟು ಬರುತ್ತಲೇ ಇತ್ತು.

ಎರಡೂವರೆಗೆ ಚೈತ್ರ ಮೇಡಂ ಮುಂದೆ ಪಟ್ಟಿ ಇಟ್ಟಳು. ನಾಲ್ಕನೇ ಹೆಸರಿನ ಜಾಗದಲ್ಲಿ ಅನಿತ, ಚೆಕಿಂಗ್, ನಂಬರ್ ಹದಿನಾಲ್ಕು ಅಂತ ಬರೆದಿತ್ತು.

"ಏನಿದು ತಮಾಷೆ?"

"ಮೇಡಂ, ಎರಡು ಕೆಲ್ಸ ನಾನು ಮಾಡ್ತಿರಲಿಲ್ಲ. ಒಂದು ನಾನು ಮಾಡ್ತಿದ್ದೆ, ಇನ್ನೊಂದರಲ್ಲಿ ದಿನಾ ಒಂದು ಗಂಟೆ ನರಸಮ್ಮ ಮಾಡ್ತಿದ್ರು. ನನಗೆ ನಿನ್ನೆ ಗೊತ್ತಾಯ್ತು." ಎಲ್ಲವನ್ನೂ ಹೇಳಿದಳು. ತಡವರಿಸಲಿಲ್ಲ. ಸ್ಟಿಕ್ಕರ್ ನೇತಾಡುವ ಮೊಳೆಯ ತನಕ ಹೇಳಿದಳು, ಪಟ್ಟಿಯ ವಿಷಯ ಬಾಯಿಬಿಟ್ಟದ್ದನ್ನೂ ಹೇಳಿದಳು.

ಚೈತ್ರ ಮೇಡಂ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಅವರೇನೂ ಕೆಟ್ಟವರಲ್ಲ, ಆದರೆ ಅವರ ಮೇಲೂ ಒಬ್ಬರಿದ್ದರು. "ಸ್ಟಿಕ್ಕರ್ ಬದಲಾಯಿಸೋದು ದೊಡ್ಡ ತಪ್ಪು ಅಂತ ಇಬ್ಬರಿಗೂ ಗೊತ್ತು. ಇಬ್ಬರಿಗೂ ಮೆಮೋ. ನರಸಮ್ಮನ್ನ ಪಟ್ಟಿಯಿಂದ ತೆಗೀತೀನಿ, ಅವರ ಕೈ ಚೆನ್ನಾಗಿದೆ. ನಿನ್ನ ಲೈನ್ ಕೆಲ್ಸಾನೂ ಇರ್ಲಿ, ಮೇಲಿನೋರ ಜೊತೆ ನಾನು ಮಾತಾಡ್ತೀನಿ." ಕನ್ನಡಕ ಮತ್ತೆ ಹಾಕಿಕೊಂಡು, "ಅಪ್ರೆಂಟಿಸ್ ಇವತ್ತಿಗೆ ನಿಲ್ತು. ಈ ಆರು ತಿಂಗಳು ಲೆಕ್ಕಕ್ಕೆ ಬರಲ್ಲ. ಜೂನ್‌ಗೆ ಹೊಸ ಬ್ಯಾಚ್ ತಗೋತೀವಿ. ಬೇಕಾದ್ರೆ ಮತ್ತೆ ಅರ್ಜಿ ಹಾಕು, ಮೊದಲಿಂದ," ಅಂದರು.

ಎರಡು ಮೆಮೋಗಳನ್ನೂ ಅನಿತಳೇ ಟೈಪ್ ಮಾಡಿದಳು. ಆ ರೂಮಿನಲ್ಲಿ ಅವಳು ಮಾಡಿದ ಕೊನೆಯ ಕೆಲಸ ಅದು, ಒಂದು ಅಕ್ಷರವೂ ತಪ್ಪಿರಲಿಲ್ಲ.

ಸಂಜೆ ಬೆಳಕಿರುವಾಗಲೇ ಮನೆಗೆ ಬಂದ ಮಗಳನ್ನು ನೋಡಿ ಅಂಜನಮ್ಮ ಹೆದರಿದಳು. ವಿಷಯ ಕೇಳಿ, ಮೊದಲು ಕೇಳಿದ್ದು ಇಷ್ಟು: "ನರಸಿ ಏನಂದ್ಳು?"

ನರಸಿ ಏನೂ ಅನ್ನಲಿಲ್ಲ, ಅದೇ ಕಷ್ಟವಾದದ್ದು. ಎಂಟು ದಿನ ಪಕ್ಕದಲ್ಲೇ ನಿಂತು ಒಂದು ಮಾತೂ ಆಡಲಿಲ್ಲ. ಸ್ಟಿಕ್ಕರ್ ಸುರುಳಿಯನ್ನು ಆ ಮೊಳೆಯಿಂದ ತೆಗೆದು ತನ್ನ ಕಡೆಯ ಅಂಚಿಗೆ ಕಟ್ಟಿಕೊಂಡಳು. ಟೀ ಕುಡಿಯಲು ಬೇರೆ ಹೆಂಗಸರ ಜೊತೆ ಹೋದಳು. ಮೆಮೋಗೆ ಬೇಸರವಿರಲಿಲ್ಲ ಆಕೆಗೆ, ಅದನ್ನು ಮಡಚಿ ಎಲೆಅಡಿಕೆ ಚೀಲಕ್ಕೆ ತುರುಕಿದ್ದಳು. ತಾನು ದಿನಾ ಐವತ್ತರಂತೆ ಕೂಡಿಟ್ಟದ್ದನ್ನು ಈ ಹುಡುಗಿ ಒಂದೇ ಮಧ್ಯಾಹ್ನದಲ್ಲಿ ವಾಪಸ್ಸು ಕೊಟ್ಟುಬಿಟ್ಟಳಲ್ಲ ಅನ್ನುವ ಸಿಟ್ಟು.

ಒಂಬತ್ತನೇ ದಿನ. ಈಗ ಅನಿತ ರಾತ್ರಿ ಒಂಬತ್ತಕ್ಕೆಲ್ಲ ಮಲಗುತ್ತಿದ್ದಳು, ನಿದ್ದೆಗೇನೂ ಕೊರತೆಯಿರಲಿಲ್ಲ. ಆದರೆ ದೇಹಕ್ಕೆ ಆರು ತಿಂಗಳ ಅಭ್ಯಾಸ. ಗಂಟೆ ಒಂದಾಯಿತು, ರೆಪ್ಪೆ ಭಾರವಾಯಿತು, ಕೈಯಲ್ಲಿದ್ದ ಕಾಲರ್ ಮೆತ್ತಗಾಗುತ್ತಾ ಬಂತು.

ತೋಳಿನ ಒಳಗಡೆ, ಚರ್ಮ ತೆಳ್ಳಗಿರುವ ಕಡೆ, ಚುರ್ರ್ ಅಂತ ಯಾರೋ ಚಿವುಟಿದರು. ಅನಿತ ಬೆಚ್ಚಿ ಕೈ ಎಳೆದುಕೊಂಡಳು. ಶರ್ಟು ನೆಲಕ್ಕೆ ಬಿತ್ತು.

ನರಸಮ್ಮ ತನ್ನ ಶರ್ಟಿನ ಗುಂಡಿಯಿಂದ ಕಣ್ಣೆತ್ತಲಿಲ್ಲ. "ಜೂನ್‌ಗೆ ಇನ್ನು ಐದೂವರೆ ತಿಂಗಳಿದೆ," ಅಂದಳು. "ಎದ್ದಿರೋದನ್ನ ಈಗ್ಲಿಂದ ಕಲ್ತ್ಕೋ. ಈ ಸಲ ನಾನು ಒಂದು ಪೀಸೂ ಹಾಕಲ್ಲ."

ಅನಿತಳ ಕಣ್ಣಲ್ಲಿ ನೀರು ತುಂಬಿತು. ಬಗ್ಗಿ ಶರ್ಟು ಎತ್ತಿಕೊಂಡಳು, ಕಾಲರ್ ನೋಡಿದಳು, ತೋಳು ತಿರುಗಿಸಿದಳು. ಅವತ್ತು ಎರಡರ ಬೆಲ್ಲು ಹೊಡೆಯುವಷ್ಟರಲ್ಲಿ ಅವಳ ತೋಳು ನಾಲ್ಕು ಕಡೆ ಕೆಂಪಗಾಗಿತ್ತು.