ಐಲಿಯ ಪಿಸ್ತೂಲು, ಅರ್ವಿಡ್‌ನ ಬಾಯಿ

ಅರ್ವಿಡ್ ಸಾಲ್ಮೆಲಾ ಮೂವತ್ತೊಂದು ವರ್ಷ ಕೌಂಟಿಯ ರಸ್ತೆಗಳಲ್ಲಿ ಹಿಮ ಗೋರುವ ಲಾರಿ ಓಡಿಸಿದವನು. ಅಮೆರಿಕದ ಮಿಷಿಗನ್ನಿನ ಉತ್ತರದ ಆ ಸೀಮೆಯಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಯಾರು ಎಲ್ಲಿಗೆ ಹೋಗಬೇಕಾದರೂ ಅರ್ವಿಡ್ ಮೊದಲು ಹೋಗಿರಬೇಕು. ಹೀಗೆ ಮುಂದೆ ಹೋಗಿ ಹೋಗಿ ಅವನಿಗೊಂದು ಅಭ್ಯಾಸ ಅಂಟಿಕೊಂಡಿತ್ತು. ಹಿಂದೆ ಬರುವವರಿಗೆಲ್ಲ ದಾರಿ ಹೇಳುವುದು. ಪೆಟ್ರೋಲ್ ಬಂಕಿನಲ್ಲಿ ಪಕ್ಕದವನು ನಳಿಗೆ ಹಿಡಿದ ಬಗೆ ಅವನಿಗೆ ಸರಿ ಕಾಣುತ್ತಿರಲಿಲ್ಲ. ಬೇಕರಿಯ ಹೆಂಗಸಿಗೆ ಹಿಟ್ಟು ಎಷ್ಟು ಹೊತ್ತು ನಾದಬೇಕೆಂದು ಹೇಳಿದ್ದ. ಚರ್ಚಿಗೆ ಹೊಸದಾಗಿ ಬಂದ ಪಾದ್ರಿಯ ಕೈ ಕುಲುಕುತ್ತ, ಉಪದೇಶ ಹನ್ನೆರಡು ನಿಮಿಷ ದಾಟಿದರೆ ಕೊನೆಯ ಬೆಂಚಿನವರು ತೂಕಡಿಸುತ್ತಾರೆ ಎಂದು ತಿಳಿಸಿದ್ದ. ಕೆಟ್ಟ ಮನುಷ್ಯನಲ್ಲ. ಯಾರ ಕಾರು ರಸ್ತೆ ಬಿಟ್ಟು ಚರಂಡಿಗಿಳಿದರೂ ಸರಪಳಿ ಎತ್ತಿಕೊಂಡು ಮೊದಲು ಓಡುವವನು ಅವನೇ. ಎಳೆದು ಮೇಲೆ ಹಾಕಿದ ಮೇಲೆ ಅರ್ಧ ಗಂಟೆ ಪಾಠ, ಅಷ್ಟೇ.

ಈ ಪಾಠಗಳಲ್ಲಿ ದೊಡ್ಡ ಪಾಲು ಹೆಂಡತಿ ಐಲಿಗೆ ಬಂದಿತ್ತು. ಮದುವೆಯಾದ ಹೊಸದರಲ್ಲಿ ಅವಳಿಗೆ ಗಾಡಿ ಕಲಿಸಲು ಹೆಪ್ಪುಗಟ್ಟಿದ ಸರೋವರದ ಮೇಲೆ ಕರೆದುಕೊಂಡು ಹೋದ. ನಟ್ಟನಡುವೆ ಅವಳು ಗಾಡಿ ನಿಲ್ಲಿಸಿ, ಇಳಿದು, ಬಾಗಿಲನ್ನು ಮೆಲ್ಲಗೆ ಮುಚ್ಚಿ, ಎರಡು ಮೈಲಿ ನಡೆದು ಮನೆ ಸೇರಿದಳು. ಆಮೇಲೆ ಅಕ್ಕನ ಗಂಡನ ಹತ್ತಿರ ಕಲಿತಳು. ಮೀನು ಹಿಡಿಯಲು ಜೊತೆಗೆ ಬರುತ್ತಿದ್ದವಳು ಎರಡನೇ ವರ್ಷಕ್ಕೆ ಬಿಟ್ಟಳು. ಸ್ಕೀಯಿಂಗ್ ಒಂದು ಚಳಿಗಾಲ ನಡೆಯಿತು, ಮರುವರ್ಷ ಅವಳು ತಾನು ಕೆಲಸ ಮಾಡುತ್ತಿದ್ದ ಅಂಚೆ ಕಚೇರಿಯ ಗೆಳತಿಯರ ಜೊತೆ ಹೋಗತೊಡಗಿದಳು. ಪ್ರತಿ ಸಲವೂ ತಾನೇನು ತಪ್ಪು ಮಾಡಿದೆ ಎಂದು ಅರ್ವಿಡ್‌ಗೆ ನಿಜಕ್ಕೂ ತಿಳಿಯಲಿಲ್ಲ. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತಲ್ಲ.

ಕೆಲಸವಿದ್ದಷ್ಟು ದಿನ ಹೇಗೋ ನಡೆಯಿತು. ನಿವೃತ್ತಿಯಾಗಿ ಮೂರನೇ ಚಳಿಗಾಲಕ್ಕೆ ಬರುವಷ್ಟರಲ್ಲಿ ಐಲಿಗೆ ಮಂಗಳವಾರ ಕೌದಿ ಹೊಲಿಯುವ ಗುಂಪು, ಬುಧವಾರ ಚರ್ಚಿನ ಹಾಡು, ಗುರುವಾರ ಈಜು. ಅರ್ವಿಡ್‌ಗೆ ವಾರವಿಡೀ ಗ್ಯಾರೇಜು. ಒಂದು ಮಧ್ಯಾಹ್ನ ಮೊಳೆಗಳನ್ನು ಉದ್ದದ ಪ್ರಕಾರ ಬೇರೆ ಮಾಡುತ್ತ ಕೂತವನು, ತಾನೂ ಹೆಂಡತಿಯೂ ಸೇರಿ ಮಾಡುವುದು ಏನೇನು ಎಂದು ಯೋಚಿಸಿದ. ರಾತ್ರಿಯೂಟ. ಟೀವಿಯ ಹವಾಮಾನ ವರದಿ. ಮೂರನೆಯದು ನೆನಪಾಗಲಿಲ್ಲ. ಮನೆಯ ಹಬೆಕೋಣೆ ಸೌನಾದ ಬಿಸಿಗೂ ಈಗ ಬೇರೆ ಬೇರೆ ಹೋಗುತ್ತಿದ್ದರು. ನೀರನ್ನು ಅಲ್ಲಿನ ಯಾವ ಕಾದ ಕಲ್ಲಿನ ಮೇಲೆ ಎರಚಬೇಕು ಎಂದು ಅವನು ಒಂದು ಸಲ ಹೆಚ್ಚಾಗಿ ಹೇಳಿದ್ದ.

ಅಂಥ ಹೊತ್ತಿನಲ್ಲಿ ಐಲಿ ಒಂದು ಪಿಸ್ತೂಲು ಕೊಂಡಳು. ಅವಳ ಅಪ್ಪ ತೀರಿಕೊಂಡಾಗ ಬಂದೂಕುಗಳೆಲ್ಲ ತಮ್ಮನಿಗೆ ಹೋಗಿದ್ದವು. ಹನ್ನೆರಡನೇ ವಯಸ್ಸಿಗೇ ತಮ್ಮನಿಗಿಂತ ಚೆನ್ನಾಗಿ ಗುರಿ ಇಡುತ್ತಿದ್ದ ಅವಳಿಗೆ ಬಂದದ್ದು ಕಾಫಿ ಕಪ್ಪುಗಳು. ಅರವತ್ತಮೂರನೇ ವಯಸ್ಸಿಗೆ, ಕಪ್ಪುಗಳು ಇಷ್ಟು ಸಾಕು ಅನ್ನಿಸಿತು. ಅಂಗಡಿಯವನು ಪ್ರತಿ ಪ್ರಶ್ನೆಯನ್ನೂ ಅರ್ವಿಡ್‌ನ ಮುಖ ನೋಡಿ ಕೇಳಿದ, ಪ್ರತಿ ಉತ್ತರವನ್ನೂ ಐಲಿ ಕೊಟ್ಟಳು. ಅರ್ವಿಡ್ ರೈಫಲಿನಲ್ಲಿ ಜಿಂಕೆ ಹೊಡೆದವನೇ ಹೊರತು ಪಿಸ್ತೂಲು ಹಿಡಿದವನಲ್ಲ. ಅದರಿಂದ ಅವನಿಗೇನೂ ತೊಂದರೆಯಾಗಲಿಲ್ಲ. ಮನೆ ತಲುಪುವಷ್ಟರಲ್ಲಿ ಪಿಸ್ತೂಲಿನ ಬಗ್ಗೆ ಹೇಳಬೇಕಾದ ಮಾತುಗಳು ಒಂದು ಡಜನ್ ಸಿದ್ಧವಾಗಿದ್ದವು.

ಶುಕ್ರವಾರ ಸಂಜೆ ಐಲಿ ಕಾಫಿ ಬಗ್ಗಿಸುತ್ತ, "ನಾಳೆ ಬೆಳಿಗ್ಗೆ ಗುಂಡು ಹೊಡೆಯೋ ರೇಂಜಿಗೆ ಹೋಗ್ತಿದ್ದೀನಿ," ಅಂದಳು.

"ನಾನೂ ಬರ್ತೀನಿ."

"ಬಾ. ಆದ್ರೆ ಒಂದು ಮಾತು. ನನಗೆ ಏನಾದ್ರೂ ಕಲಿಸೋಕೆ ಬಾಯಿ ತೆಗೆದ್ಯೋ, ಮುಂದಿನ ವಾರದಿಂದ ನಾನು ರೇಂಜಿನ ಗ್ಲೆನ್ನಿಸ್ ನಡೆಸೋ ಹೆಂಗಸರ ಗುಂಪಿಗೆ ಸೇರ್ಕೋತೀನಿ. ಅಲ್ಲಿಗೆ ಗಂಡಸರನ್ನ ಬಿಡಲ್ಲ."

ಅರ್ವಿಡ್ ಕಪ್ಪು ಕೆಳಗಿಟ್ಟ. ಪ್ರತಿ ಶನಿವಾರ ಬೆಳಿಗ್ಗೆ, ಅವಳೂ ತಾನೂ, ಒಂದೇ ಗಾಡಿಯಲ್ಲಿ. ಮೂರನೆಯದು ಸಿಕ್ಕಿತ್ತು. ಕೈಗೆ ಬಂದ ಕೂಡಲೇ ಜಾರುವಂತೆಯೂ ಇತ್ತು.

"ಕಲಿಸೋದು ಅಂದ್ರೆ ಯಾವುದು ಯಾವುದು?"

"ನಿಂಗೊತ್ತು."

"'ಅಯ್ಯೋ' ಅನ್ನಬಹುದಾ?"

"ಬೇಡ."

"ನಿಟ್ಟುಸಿರು?"

"ನಿನ್ನ ನಿಟ್ಟುಸಿರಲ್ಲೂ ಮೂರು ಪಾಠ ಇರುತ್ತೆ, ಅರ್ವಿಡ್."

"ಅಪಾಯ ಆಗೋ ಹಾಗಿದ್ರೆ?"

"ಅದಕ್ಕೆ ಗ್ಲೆನ್ನಿಸ್ ಇದ್ದಾಳೆ. ಅವಳ ಹತ್ರ ಸೀಟಿ ಇದೆ."

ಬೆಳಿಗ್ಗೆ ಐಲಿಯೇ ಗಾಡಿ ಓಡಿಸಿದಳು. ಹಿಮ ಕರಗಿ ಹಳೆಯ ಗಣಿಯ ದಾರಿಯಲ್ಲೆಲ್ಲ ಗುಂಡಿ ಬಿದ್ದಿದ್ದವು, ಅವಳು ಒಂದನ್ನೂ ಬಿಡದೆ ಇಳಿಸಿದಳು. ಅರ್ವಿಡ್ ತೊಡೆಯ ಮೇಲಿದ್ದ, ಮಾಂಸ ಆಲೂಗಡ್ಡೆ ತುಂಬಿ ಬೇಯಿಸಿದ ಪ್ಯಾಸ್ಟಿಗಳ ಪೊಟ್ಟಣ ಅವುಚಿಕೊಂಡು ಕಿಟಕಿಯಾಚೆ ನೋಡುತ್ತ ಕೂತ. ಆ ಗುಂಡಿಗಳೆಲ್ಲ ಅವನಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ನಾಲ್ಕನೆಯದರಲ್ಲಿ ತಲೆ ಗಾಡಿಯ ಚಾವಣಿಗೆ ಬಡಿಯಿತು. ಸುಮ್ಮನಿದ್ದ. ಐಲಿ ಓರೆಗಣ್ಣಿನಲ್ಲಿ ನೋಡಿದಳು. ಕೆಲವು ಗುಂಡಿಗಳನ್ನು ಅವಳು ಬೇಕೆಂದೇ ಹುಡುಕಿಕೊಂಡು ಹೋದಳೋ ಏನೋ.

ರೇಂಜು ಎಂದರೆ ತಗಡಿನ ಮಾಡು, ಸಾಲಾಗಿ ಮರದ ಮೇಜುಗಳು, ಎದುರಿಗೆ ಮರಳಿನ ದಿಬ್ಬ. ಗ್ಲೆನ್ನಿಸ್ ಟ್ರೆಝೋನಾ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಕೊರಳಿಗೆ ಸೀಟಿ ಕಟ್ಟಿಕೊಂಡು ನಿಂತಿದ್ದಳು. ಎಪ್ಪತ್ತನಾಲ್ಕರ ಹೆಂಗಸು, ಎತ್ತರ ಅರ್ವಿಡನ ಭುಜಕ್ಕೆ ಬಂದರೆ ಹೆಚ್ಚು. ಮೂವತ್ತು ವರ್ಷ ಶಾಲೆಯ ಲೈಬ್ರರಿಯಲ್ಲಿ ಎಲ್ಲರ ಸದ್ದಡಗಿಸಿ, ಈಗ ಊರಿನ ಅತಿ ಸದ್ದಿನ ಜಾಗಕ್ಕೆ ಯಜಮಾನಿಯಾಗಿದ್ದಳು.

"ಕಿವಿ ಮುಚ್ಚಿ, ಕನ್ನಡಕ ಹಾಕಿ. ಪಿಸ್ತೂಲಿನ ಮೂತಿ ಯಾವಾಗಲೂ ದಿಬ್ಬದ ಕಡೆ. ನಾನು ಹೇಳೋವರೆಗೂ ಟ್ರಿಗರ್ ಮೇಲೆ ಬೆರಳಿಡಬೇಡಿ," ಅಂದಳು. ಆಮೇಲೆ ಅರ್ವಿಡ್‌ನನ್ನು ಮೇಲಿಂದ ಕೆಳಗೆ ನೋಡಿ, "ಏನಯ್ಯ, ಹುಷಾರಿಲ್ವಾ? ಬಂದು ಐದು ನಿಮಿಷ ಆಯ್ತು, ನನ್ನ ಮಾಡಿನಲ್ಲಿ ಒಂದು ತಪ್ಪೂ ಹೇಳಲಿಲ್ಲ," ಅಂದಳು.

"ಚೆನ್ನಾಗಿದ್ದೀನಿ."

"ಬಾಯಿ ಕಟ್ಟಿಸ್ಕೊಂಡು ಬಂದಿದ್ದಾನೆ," ಅಂದಳು ಐಲಿ.

ಪಕ್ಕದ ಮೇಜಿನಲ್ಲಿ ಒಬ್ಬ ಯುವಕ ಹೆಂಡತಿಗೆ ಕಲಿಸುತ್ತಿದ್ದ. ಮೊಣಕೈ ಹೀಗಲ್ಲ. ಕಾಲು ಅಗಲಿಸು. ಉಸಿರು ಹಿಡಿ, ಅಷ್ಟಲ್ಲ, ಸ್ವಲ್ಪ ಬಿಡು. ಆ ಹುಡುಗಿಯ ಮುಖ ಮರಳಿನ ದಿಬ್ಬದಂತಾಗಿತ್ತು. ಐಲಿ ಅರ್ವಿಡ್ ಕಡೆ ತಿರುಗಿ, ಮತ್ತೆ ಮೇಜಿನ ಕಡೆ ತಿರುಗಿದಳು. ಅರ್ವಿಡ್ ತನ್ನ ಬೂಟು ನೋಡಿಕೊಂಡ. ಹುಡುಗ ಹೇಳುತ್ತಿದ್ದುದೆಲ್ಲ ಸರಿಯಾಗಿಯೇ ಇತ್ತು. ಕೇಳಲು ಮಾತ್ರ ಆಗುತ್ತಿರಲಿಲ್ಲ.

ಐಲಿ ಪಿಸ್ತೂಲಿನ ಹಿಡಿಯೊಳಗೆ ಕೂರುವ ಮ್ಯಾಗಜೀನಿಗೆ ಗುಂಡು ತುಂಬತೊಡಗಿದಳು. ಹೊಸ ಸ್ಪ್ರಿಂಗು ಬಲು ಬಿಗಿ. ನಾಲ್ಕನೇ ಗುಂಡಿಗೆ ಅವಳ ಹೆಬ್ಬೆರಳು ಕೆಂಪಾಯಿತು, ಐದನೆಯದಕ್ಕೆ ಕೈ ಕೊಡವಿಕೊಂಡಳು. ಅರ್ವಿಡ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ.

ಅವಳು ಹೊಡೆದಳು. ಗುರಿಯ ಕಾಗದದ ಮೇಲಿನ ಕಪ್ಪು ವೃತ್ತ ಹಾಗೇ ಉಳಿಯಿತು. ಮೂರು ತೂತು ಕೆಳಗೆ ಎಡಕ್ಕೆ, ಇನ್ನೆರಡು ಕಾಗದಕ್ಕೂ ತಾಗದೆ ಮರಳಿಗೆ ಹೋಗಿದ್ದವು. ಮತ್ತೆ ತುಂಬಿದಳು, ಮತ್ತೆ ಹೊಡೆದಳು, ಮತ್ತೆ ಕೆಳಗೆ ಎಡಕ್ಕೆ. ಅರ್ವಿಡ್‌ನ ಬಾಯಿಗೆ ಹದಿನಾರು ಮಾತು ಒಟ್ಟಿಗೆ ಬಂದವು. ಪೊಟ್ಟಣ ಬಿಚ್ಚಿ ಅರ್ಧ ಪ್ಯಾಸ್ಟಿಯನ್ನು ಒಂದೇ ಸಲಕ್ಕೆ ಬಾಯಿಗೆ ತುರುಕಿಕೊಂಡ. ಗಂಟೆ ಒಂಬತ್ತೂವರೆ. ಮಧ್ಯಾಹ್ನದ ಊಟ ಅದು.

"ಬಾ, ನೀನೂ ಒಂದು ಸಲ ಹೊಡಿ," ಅಂದಳು ಐಲಿ.

ಅರ್ವಿಡ್ ಬಾಯೊಳಗಿನ ಆಲೂಗಡ್ಡೆ ನುಂಗಿದ. ಮಾಡಿ ತೋರಿಸುವುದು ಮಾತಲ್ಲವಲ್ಲ. ಎದ್ದು ಪ್ಯಾಂಟು ಮೇಲಕ್ಕೆಳೆದುಕೊಂಡ. ಕಾಲು ಊರಿ, ಭುಜ ಕೊಡವಿ, ಗಾಳಿ ಯಾವ ಕಡೆಯದೆಂದು ನೋಡಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತ. ಐದು ಗುಂಡು ಹಾರಿಸಿದ.

ಐದೂ ಕೆಳಗೆ ಎಡಕ್ಕೆ. ಐಲಿಯವಕ್ಕಿಂತ ಒಂದು ಗೇಣು ಇನ್ನೂ ಕೆಳಗೆ.

ಅರ್ವಿಡ್ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ಅದನ್ನು ಪರೀಕ್ಷಿಸಿದ. "ಇದರ ಗುರಿ ನೋಡೋ ಕಂಡಿ ವಾಲಿದೆ," ಅಂದ. "ನಾನು ಕಲಿಸ್ತಿಲ್ಲ, ಐಲಿ. ಪಿಸ್ತೂಲಿನ ವಿಷಯ ಹೇಳ್ತಿದ್ದೀನಿ." ಕೈ ಜೇಬಿಗೆ ಹೋಯಿತು. ಸಣ್ಣ ಸ್ಕ್ರೂಡ್ರೈವರ್ ಹೊರಗೆ ಬಂತು.

"ಅದನ್ನ ಒಳಗಿಡು," ಅಂದಳು ಗ್ಲೆನ್ನಿಸ್, ಲೈಬ್ರರಿಯ ದನಿಯಲ್ಲಿ. "ಪ್ರತಿ ವಾರ ಒಬ್ಬ ಬರ್ತಾನೆ, ಗುರಿಕಂಡಿ ತಿರುಗಿಸ್ಕೊಂಡು ಹೋಗ್ತಾನೆ. ಆಮೇಲೆ ಪಿಸ್ತೂಲೂ ಕೆಟ್ಟಿರುತ್ತೆ, ಅವನೂ ಹಾಗೇ ಇರ್ತಾನೆ. ಆ ಕಡೆ ತಿರುಗಿ ನಿಂತ್ಕೋ."

ಅವಳು ತನ್ನ ಜೇಬಿನಿಂದ ಏನೋ ತೆಗೆದು ಮ್ಯಾಗಜೀನು ತುಂಬಿ ಪಿಸ್ತೂಲಿಗೆ ಹಾಕಿಕೊಟ್ಟಳು. ಅರ್ವಿಡ್ ಗುರಿ ಇಟ್ಟ. ಮೊದಲನೆಯದು ಢಂ ಎಂದಿತು. ಎರಡನೆಯದು ಬರೇ ಟಕ್. ಆ ಟಕ್ಕಿಗೇ ಪಿಸ್ತೂಲಿನ ಮೂತಿ, ಕಾಳು ಕಂಡ ಕೋಳಿಯ ಹಾಗೆ, ಗಬಕ್ಕನೆ ಕೆಳಗೆ ಎಡಕ್ಕೆ ಬಗ್ಗಿತು. ಅರ್ವಿಡ್‌ನ ಎರಡು ಕಣ್ಣೂ ಮುಚ್ಚಿದ್ದವು.

"ಗುಂಡು ಹೋಗಲಿಲ್ಲ, ಅರ್ವಿಡ್," ಅಂದಳು ಗ್ಲೆನ್ನಿಸ್. "ನೀನೊಬ್ಬನೇ ಹೋದೆ."

ಐಲಿ ಮೇಜು ಹಿಡಿದುಕೊಂಡು ನಕ್ಕಳು. ಕಣ್ಣೊರೆಸಲು ಕನ್ನಡಕಕ್ಕೆ ಕೈ ಹಾಕಿದವಳಿಗೆ ಗ್ಲೆನ್ನಿಸ್, "ತೆಗೀಬೇಡ, ಹಾಕ್ಕೊಂಡೇ ನಗು," ಅಂದಳು. ಪಕ್ಕದ ಮೇಜಿನ ಹುಡುಗಿಯ ಮುಖದ ಮೇಲೆ ಅವತ್ತಿನ ಮೊದಲ ನಗು ಕಂಡಿತು. ಅವಳ ಗಂಡ ಒಂದು ಕ್ಷಣ ಪಾಠ ನಿಲ್ಲಿಸಿದ್ದ.

ಗ್ಲೆನ್ನಿಸ್ ಒಂದು ಹಿಡಿ ಕೆಂಪು ಪ್ಲಾಸ್ಟಿಕ್ಕಿನ ಹುಸಿ ಗುಂಡುಗಳನ್ನು ಮೇಜಿನ ಮೇಲೆ ಸುರಿದಳು. "ಪಿಸ್ತೂಲು ಒದೆಯೋಕೆ ಮುಂಚೆನೇ ಕೈ ಹೆದರಿಕೊಂಡು ಬಗ್ಗುತ್ತೆ. ಇಬ್ಬರದೂ ಅದೇ ರೋಗ. ಒಬ್ಬರು ತುಂಬಿ, ಒಬ್ಬರು ಹೊಡೀರಿ. ಒಳ್ಳೇ ಗುಂಡಿನ ನಡುವೆ ಹುಸಿ ಗುಂಡು ಎಲ್ಲಿದೆ ಅಂತ ತುಂಬಿದವರಿಗೆ ಮಾತ್ರ ಗೊತ್ತಿರಬೇಕು. ಅವರು ಬಾಯಿ ಬಿಡಬಾರದು, ಮುಖದಲ್ಲೂ ತೋರಿಸಬಾರದು. ಬಾಯಿಬಿಟ್ರೆ ಮದ್ದು ಕೆಲಸ ಮಾಡಲ್ಲ."

ಅರ್ವಿಡ್ ಮ್ಯಾಗಜೀನು ಎತ್ತಿಕೊಂಡ. ಅವನ ಹೆಬ್ಬೆರಳಿಗೆ ಆ ಸ್ಪ್ರಿಂಗು ಏನೂ ಅಲ್ಲ. ಹೆಂಡತಿಗೆ ಬೆನ್ನು ಹಾಕಿ, ಎರಡು ಒಳ್ಳೆಯದು, ಒಂದು ಹುಸಿ, ಮತ್ತೆ ಒಂದು ಒಳ್ಳೆಯದು, ಒಂದು ಹುಸಿ ಎಂದು ತುಂಬಿ ಕೊಟ್ಟ. ಐಲಿ ಹೊಡೆದಳು. ಢಂ, ಢಂ, ಟಕ್. ಮೂತಿ ಬಗ್ಗಿತು. ಅವಳಿಗೇ ಕಂಡಿತು. ಯಾರೂ ಹೇಳಬೇಕಾಗಿರಲಿಲ್ಲ. ಅರ್ವಿಡ್‌ಗೆ ಇದು ವಿಚಿತ್ರವೆನಿಸಿತು. ನಲವತ್ತು ವರ್ಷ ಬಾಯಿ ನೋಯಿಸಿಕೊಂಡು ಹೇಳಿದ್ದಕ್ಕಿಂತ, ಹೇಳದೆ ಕೈಗೆ ಕೊಟ್ಟ ಒಂದು ಪ್ಲಾಸ್ಟಿಕ್ ತುಂಡು ಹೆಚ್ಚು ಕೆಲಸ ಮಾಡುತ್ತಿತ್ತು.

ಅವನ ಸರದಿ ಬಂದಾಗ ಐಲಿ ಮುಖವನ್ನು ಸೋಮವಾರದ ಅಂಚೆ ಕಚೇರಿಯ ಕಿಟಕಿಯಷ್ಟು ಗಂಭೀರ ಮಾಡಿಕೊಂಡು ತುಂಬಿಕೊಟ್ಟಳು. ಟಕ್. ಸರಿ, ಮುಂದಿನದು ಒಳ್ಳೆಯದೇ ಇರಬೇಕು. ಟಕ್. ಮೂರನೆಯದಂತೂ ಖಂಡಿತ. ಟಕ್. ಐದಕ್ಕೆ ಐದೂ ಹುಸಿ. ಅರ್ವಿಡ್ ಐದು ಸಲ ದಿಬ್ಬಕ್ಕೆ ತಲೆಬಾಗಿದ.

"ಇದು ಮೋಸ."

"ನೀನು ಬಾಯಿ ಬಿಡಬಾರದು," ಅಂದಳು ಐಲಿ.

ಹೀಗೆ ತುಂಬುತ್ತ, ಕೊಡುತ್ತ, ಹೊಡೆಯುತ್ತ ಹನ್ನೊಂದೂವರೆಯಾಯಿತು. ಮಾತು ಕಡಿಮೆ. ಅವನು ಮ್ಯಾಗಜೀನು ಚಾಚುವ ಮೊದಲೇ ಅವಳ ಕೈ ಬರುತ್ತಿತ್ತು. ಕೊನೆಗೊಂದು ಸಲ ಟಕ್ ಎಂದಾಗ ಐಲಿಯ ಪಿಸ್ತೂಲು ಕದಲಲಿಲ್ಲ. ಮೂತಿಯ ಮೇಲೆ ನೀರಿನ ಬಟ್ಟಲಿಟ್ಟಿದ್ದರೂ ತುಳುಕುತ್ತಿರಲಿಲ್ಲ. ಮುಂದಿನದು ಒಳ್ಳೆಯ ಗುಂಡು. ಅದು ಕಪ್ಪು ವೃತ್ತದ ಒಳಗೆ ಹೋಗಿ ಕೂತಿತು.

ಅವಳು ಪಿಸ್ತೂಲು ಕೆಳಗಿಟ್ಟು ಕಾದಳು. ಅರ್ವಿಡ್ ದಿಬ್ಬ ನೋಡುತ್ತ ನಿಂತಿದ್ದ, ಕುತ್ತಿಗೆ ಕೆಂಪಾಗಿತ್ತು.

"ಏನೂ ಅನ್ನಲ್ವಾ?"

"ಅನ್ನಬಹುದಾ?"

"ಹೊಗಳೋದಾದ್ರೆ ಅನ್ನಬಹುದು."

"ತುಂಬಾ ಚೆನ್ನಾಗಿತ್ತು, ಐಲಿ. ಆದ್ರೆ—"

ಐಲಿಯ ಹುಬ್ಬು ಮೇಲೇರಿತು. ಅರ್ವಿಡ್‌ನ ಬಾಯಿ ತೆರೆದೇ ಇತ್ತು, ಒಳಗೆ ಒಂದು ಇಡೀ ವಾಕ್ಯ ಸಿದ್ಧವಾಗಿ ನಿಂತಿತ್ತು. ಎಡಗೈಯ ಹೆಬ್ಬೆರಳಿನ ಬಗ್ಗೆ, ಬಹಳ ಉಪಯೋಗದ ವಾಕ್ಯ. ಶನಿವಾರಗಳೆಲ್ಲ ಅದರ ಹಿಂದೆಯೇ ಸಾಲುಗಟ್ಟಿ ನಿಂತಿದ್ದವು.

"ಆದ್ರೆ ನಿನ್ನ ಪ್ಯಾಸ್ಟಿ ತಣ್ಣಗಾಯ್ತು," ಅಂದ.

ಅವಳು ತಣ್ಣಗಿದ್ದದ್ದನ್ನೇ ನಿಂತುಕೊಂಡು ತಿಂದಳು. ಹೊರಡುವ ಹೊತ್ತಿಗೆ ಗ್ಲೆನ್ನಿಸ್ ಸೀಟಿ ಊದಿ, ಎಲ್ಲ ಪಿಸ್ತೂಲುಗಳೂ ಖಾಲಿಯಾಗಿವೆಯೆಂದು ನೋಡಿ, ಪುಸ್ತಕ ಹಿಡಿದುಕೊಂಡು ಬಂದಳು. ಅರ್ವಿಡ್ ಮೇಜಿನ ಕೆಳಗೆ ಬಗ್ಗಿ ಖಾಲಿ ಹಿತ್ತಾಳೆ ಕೋಶಗಳನ್ನು ಕಾಫಿ ಡಬ್ಬಿಗೆ ಆರಿಸಿ ಹಾಕುತ್ತಿದ್ದ.

"ಮುಂದಿನ ವಾರದಿಂದ ಹೆಂಗಸರ ಗುಂಪು ಶುರು," ಅಂದಳು ಗ್ಲೆನ್ನಿಸ್. "ನಿನ್ನ ಹೆಸರು ಬರಕೊಳ್ಳಲಾ, ಐಲಿ? ಎರಡು ಜಾಗ ಉಳಿದಿದೆ."

ಮೇಜಿನ ಕೆಳಗೆ ಸದ್ದು ನಿಂತಿತು.

ಐಲಿ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಒತ್ತಿಕೊಳ್ಳುತ್ತ ಯೋಚಿಸಿದಳು. ಅವಸರಪಡಲಿಲ್ಲ. ಅವನು ಕೇಳಿಸಿಕೊಳ್ಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಹೊತ್ತು ತೆಗೆದುಕೊಂಡಳು.

"ಒಂದು ಜಾಗ ಆ ಹುಡುಗಿಗೆ ಕೊಡು," ಅಂದಳು, ಪಕ್ಕದ ಮೇಜಿನ ಕಡೆ ತಲೆಯಾಡಿಸಿ. "ನನಗೆ ತುಂಬಿಕೊಡೋರು ಸಿಕ್ಕಿದ್ದಾರೆ. ನಾವಿಬ್ಬರೂ ಶನಿವಾರ ಇದೇ ಹೊತ್ತಿಗೆ ಬರ್ತೀವಿ."

ಗ್ಲೆನ್ನಿಸ್ ಪುಸ್ತಕದಲ್ಲಿ ಸಾಲ್ಮೆಲಾ, ಇಬ್ಬರು ಎಂದು ಬರೆದುಕೊಂಡಳು. ಅರ್ವಿಡ್ ಮೇಲೆ ಬರಲಿಲ್ಲ. ತಮ್ಮ ಮೇಜಿನದೆಲ್ಲ ಮುಗಿದಿತ್ತು, ಪಕ್ಕದ ಮೇಜಿನ ಕೆಳಗೆ ತೆವಳಿ ಅಲ್ಲಿನ ಕೋಶಗಳನ್ನೂ ಒಂದೊಂದಾಗಿ ಆರಿಸತೊಡಗಿದ.