ಅಪ್ಪ ತೋಡಿದ ಬಾವಿ

ಮಲ್ಲೇಶ್ವರದ ಬದರೀನಾರಾಯಣರ ಹಿತ್ತಲಿನ ಬಾವಿ ದಾಸಪ್ಪನ ಅಪ್ಪ ತೋಡಿದ್ದು. ಅಪ್ಪ ತೋಡಿದ ಬೇರೆ ಬಾವಿಗಳೆಲ್ಲ ಮುಚ್ಚಿಹೋಗಿ ಅವುಗಳ ಮೇಲೆ ಮನೆಗಳು ಎದ್ದಿದ್ದವು. ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಇದೂ ಬತ್ತಿತು.

"ಮಣ್ಣು ತುಂಬಿಸ್ಬಿಡ್ತೀನಿ ದಾಸಪ್ಪ. ಮಕ್ಕಳು ಬಗ್ಗಿ ನೋಡ್ತವೆ, ಭಯ" ಎಂದರು ಬದರೀನಾರಾಯಣರು. ಅವರು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು.

"ಬ್ಯಾಡಿ ಸ್ವಾಮಿ. ಬಂಡೆ ಕೆಳಗೆ ನೀರೈತೆ. ಒಂದ್ಸಲ ಇಳೀತೀನಿ. ಬರ್ಲಿಲ್ಲ ಅಂದ್ರೆ ನಾನೇ ಮುಚ್ತೀನಿ."

ಹಗ್ಗ ಹಿಡಿಯಲು ಹೆಂಡತಿ ಅಂಜಮ್ಮ ಬಂದಳು. "ಈ ವಯಸ್ನಲ್ಲಿ ಕಪ್ಪೆ ಹಂಗೆ ಇಳೀತಿದೀಯ. ಎಳೆಯೋಕೆ ನಾನೇನು ಹುಡುಗೀನಾ?"

ದಾಸಪ್ಪ ದಿನವೂ ಇಳಿದ. ಉಳಿಗೆ ಬಂಡೆ ಚೂರುಚೂರಾಗಿ ಮಾತ್ರ ಬಿಡುತ್ತಿತ್ತು. ಅಂಗೈ ಒಡೆದು ಸುತ್ತಿಗೆ ಜಾರುತ್ತಿತ್ತು. ಒಂದು ಮಧ್ಯಾಹ್ನ ಮೇಷ್ಟ್ರು ಬಗ್ಗಿ ಕೂಗಿದರು.

"ನಾನು ಪಾಠ ಮಾಡೋ ಕಥೇಲೂ ಹಿಂಗೇ ಒಬ್ಬ ಮುದುಕ ಇದಾನೆ ಕಣೋ. ಸಮುದ್ರದಲ್ಲಿ ದೊಡ್ಡ ಮೀನು ಹಿಡೀತಾನೆ. ದಡಕ್ಕೆ ಬರೋಷ್ಟರಲ್ಲಿ ಬರೀ ಮೂಳೆ. ಆದ್ರೂ ಗೆದ್ದೋನು ಅವನೇ ಅಂತ ಹುಡುಗರಿಗೆ ಬರೆಸ್ತೀನಿ. ಮೀನು ಅಂದ್ರೆ ಬರೀ ಮೀನಲ್ಲ, ಮನುಷ್ಯನ ಛಲದ ಗುರುತು."

"ಮಾಂಸ ತಿಂದೋರ್ಯಾರು ಸ್ವಾಮಿ?"

"ಬೇರೆ ಮೀನುಗಳು."

"ಪಾಪ, ಮುದುಕ" ಎಂದಿತು ಬಾವಿಯೊಳಗಿನ ದನಿ.

ಕೊನೆಗೊಂದು ಸಂಜೆ ಬಂಡೆಯ ಬಿರುಕಿನಿಂದ ತಣ್ಣನೆಯ ನೀರು ಜಿನುಗಿ ಪಾದ ಮುಳುಗಿಸಿತು. ದಾಸಪ್ಪ ಕೆಳಗಿನಿಂದಲೇ ಅರಚಿದ. ಅಂಜಮ್ಮ ಅರಿಶಿನ ಕುಂಕುಮವನ್ನು ಬುಟ್ಟಿಯಲ್ಲಿ ಇಳಿಬಿಟ್ಟಳು. ಅವನು ಬಂಡೆಗೆ ಹಚ್ಚಿ, ಕೈಮುಗಿದು, ಮೇಲೆ ಬಂದ. ಮೇಷ್ಟ್ರ ಹೆಂಡತಿ ರಂಗನಾಯಕಿ ಆಗಲೇ ಕೊಡ ಹಿಡಿದು ನಿಂತಿದ್ದರು.

"ನಾಳೆ ಸೇದಿ ತಾಯಿ. ಹೊಸ ನೀರನ್ನ ಒಂದು ರಾತ್ರಿ ಯಾರೂ ಮುಟ್ಬಾರ್ದು ಅಂತಿದ್ದ ನಮ್ಮಪ್ಪ. ಗಂಗಮ್ಮ ಕೂತ್ಕೊಳ್ಲಿ."

ರಂಗನಾಯಕಿ ಖಾಲಿ ಕೊಡವನ್ನು ಒಳಗೆ ಒಯ್ದರು. ದಾಸಪ್ಪನೂ ಒಂದು ಬೊಗಸೆ ಕುಡಿಯದೆ ಮನೆಗೆ ಹೋದ. ಪಕ್ಕದ ಸೈಟಿನಲ್ಲಿ ಬೋರ್ ಲಾರಿ ಬಂದು ನಿಂತದ್ದನ್ನು ನೋಡಿದ್ದ. ಅದರ ಕಡೆ ಮನಸ್ಸು ಹೋಗಿರಲಿಲ್ಲ.

ಬೆಳಿಗ್ಗೆ ಆ ಲಾರಿ ಬೀದಿಯೇ ನಡುಗುವಂತೆ ಅಬ್ಬರಿಸುತ್ತಿತ್ತು. ರಾತ್ರಿಯೆಲ್ಲ ಕೊರೆದ ಕೊಳವೆಯಿಂದ ನೀರು ಚಿಮ್ಮಿ ಅಲ್ಲಿಯ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಇತ್ತ ಬಾವಿಯ ತಳದಲ್ಲಿ ಒದ್ದೆ ಕಲ್ಲಿಗೆ ಅರಿಶಿನ ಮಾತ್ರ ಮೆತ್ತಿಕೊಂಡಿತ್ತು. ಒಂದು ವಾರ ಕಾದರೂ ನೀರು ತಿರುಗಿ ಬರಲಿಲ್ಲ.

"ನೀರು ತಂದ್ಯಲ್ಲೋ ದಾಸಪ್ಪ, ಗೆದ್ದೋನು ನೀ..." ಎಂದು ಮೇಷ್ಟ್ರು ಶುರುಮಾಡಿದರು.

"ಮಣ್ಣಿನ ಗಾಡಿ ಯಾವತ್ತು ಬರುತ್ತೆ ಸ್ವಾಮಿ?"

ಗಾಡಿ ಬಂದ ದಿನ ದಾಸಪ್ಪ ಮೊದಲ ಮಂಕರಿ ಮಣ್ಣು ಎತ್ತಿ ಬಾವಿಕಟ್ಟೆಯ ಮೇಲಿಟ್ಟ. ಮುಂದಕ್ಕೆ ತಳ್ಳಲು ಕೈ ಬರಲಿಲ್ಲ. ಅಂಜಮ್ಮ ಬಂದು ಮಂಕರಿಯ ಇನ್ನೊಂದು ಅಂಚು ಹಿಡಿದಳು.